ಹಾಲು ಕೊಟ್ಟವರು, ಪಟ್ಟು ಕಲಿಸಿದವರು

ಕುಸ್ತಿಯ ಸಿನಿಮಾ ಎಂದರೆ ನಮ್ಮ ಜತ್ತ ಸೀಮೆಯ ಜನರಿಗೆ ಜಾತ್ರೆಯಷ್ಟೇ ಪ್ರೀತಿ. ೨೦೧೬ರಲ್ಲಿ ‘ಸುಲ್ತಾನ್’ ಮತ್ತು ‘ದಂಗಲ್’ ಚಿತ್ರಗಳು ಬಂದಾಗ ತಾಲೀಮಿನ ಹುಡುಗರು ಜೀಪು ಮಾಡಿಕೊಂಡು ಹೋಗಿ ನೋಡಿ ಬಂದು, ವಾರಗಟ್ಟಲೆ ಅದೇ ಮಾತನ್ನು ಆಡಿದ್ದರು. ಅಂಥ ಚಿತ್ರಗಳಲ್ಲಿ ಪೈಲ್ವಾನ ಬೀಳುತ್ತಾನೆ, ಏಳುತ್ತಾನೆ, ಕೊನೆಗೆ ಗೆಲ್ಲುತ್ತಾನೆ; ನೋಡಿದವರು ಸೀಟಿ ಹೊಡೆಯುತ್ತ ಮನೆಗೆ ಬರುತ್ತಾರೆ. ಆದರೆ ಕುಸ್ತಿಯನ್ನೇ ಕುರಿತ ಇನ್ನೊಂದು ಚಿತ್ರವುಂಟು. ಅದರಲ್ಲಿ ಸೀಟಿ ಹೊಡೆಯುವ ಜಾಗವೇ ಇಲ್ಲ. ಮುಗಿದ ಮೇಲೆ ನೋಡಿದವರು ಬಹಳ ಹೊತ್ತು ಮಾತಾಡದೆ ಕೂಡುತ್ತಾರೆ. ೨೦೧೪ರಲ್ಲಿ ಬಂದ ‘ಫಾಕ್ಸ್‌ಕ್ಯಾಚರ್’ ಎಂಬ ಆ ಅಮೇರಿಕನ್ ಚಿತ್ರವನ್ನೂ ಅದನ್ನು ನೋಡಿದ ನಮ್ಮವರು ಆಡಿದ ಮಾತುಗಳನ್ನೂ ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಚಿತ್ರದಲ್ಲಿ ಕೊಲೆಯಿದೆ, ಮಾದಕ ವಸ್ತುಗಳ ಸೇವನೆಯಿದೆ. ಆದುದರಿಂದ ಇದು ಚಿಕ್ಕ ಮಕ್ಕಳಿಗೆ ತಕ್ಕುದಲ್ಲ. ದೀಪಾವಳಿ ರಜೆಯ ಒಂದು ಸಂಜೆ ನಾವು ನಾಲ್ವರು ಶಿಕ್ಷಕರು, ತಾಲೀಮಿನ ವಸ್ತಾದರು, ನಮ್ಮ ಶಾಲೆಯಲ್ಲಿ ಕಲಿತು ಹೋಗಿ ಈಗ ಮೈದಾನಗಳಲ್ಲಿ ಕುಸ್ತಿ ಆಡುತ್ತಿರುವ ಮೂವರು ಹುಡುಗರು, ಹಾಗೂ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ-ತಾಯಿ ಕೂಡಿ ಅದನ್ನು ನೋಡಿದೆವು. ಇಂಗ್ಲಿಷ್ ಕಲಿಸುವ ಶಿಕ್ಷಕರು ನಡುನಡುವೆ ಚಿತ್ರವನ್ನು ನಿಲ್ಲಿಸಿ ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದರು.

ಆ ತಂದೆ-ತಾಯಿಯನ್ನು ಕರೆದುದಕ್ಕೆ ಕಾರಣವಿತ್ತು. ಅವರ ಮಗ ನಮ್ಮ ಶಾಲೆಯ ಒಳ್ಳೆಯ ಕುಸ್ತಿಯ ಹುಡುಗ. ತಂದೆ-ತಾಯಿ ದೀಪಾವಳಿ ಮುಗಿದೊಡನೆ ಕಬ್ಬು ಕಡಿಯಲು ಗುಂಪಿನೊಂದಿಗೆ ಹೋಗುವವರು. ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಇಂಥ ಮನೆಗಳು ಬಹಳ. ಬೇರೆ ತಾಲೂಕಿನ ಅನುಕೂಲಸ್ಥರೊಬ್ಬರು ಜಾತ್ರೆಯ ಮೈದಾನದಲ್ಲಿ ಈ ಹುಡುಗನ ಕುಸ್ತಿ ನೋಡಿ ಮೆಚ್ಚಿ, ಅವನ ಹಾಲು, ಬದಾಮಿ, ತುಪ್ಪದ ಖರ್ಚನ್ನೆಲ್ಲ ತಾವೇ ನೋಡಿಕೊಳ್ಳುವುದಾಗಿ ಹೇಳಿ ಕಳಿಸಿದ್ದರು. ಆದರೆ ಹುಡುಗ ಶಾಲೆ ಬಿಟ್ಟು ಅವರ ತೋಟದ ಮನೆಯಲ್ಲಿ ಇರಬೇಕು. ಮೈದಾನದಲ್ಲಿ ಅವರ ಪೈಲ್ವಾನನೆಂದೇ ಹೆಸರು ಕೂಗಿಸಬೇಕು. ಕಲಿಸಿದ ವಸ್ತಾದರ ಹೆಸರು ಇನ್ನು ಬೇಡ ಎಂದಿದ್ದರು. ತಂದೆ-ತಾಯಿ ಊರು ಬಿಡುವುದರೊಳಗೆ ಉತ್ತರ ಹೇಳಬೇಕಾಗಿತ್ತು.

ಈಗ ಚಿತ್ರದ ಕಥೆಗೆ ಬರೋಣ. ಇದು ನಡೆದ ಸಂಗತಿ. ಡೇವ್ ಶುಲ್ಟ್ಸ್ ಮತ್ತು ಮಾರ್ಕ್ ಶುಲ್ಟ್ಸ್ ಅಣ್ಣ-ತಮ್ಮಂದಿರು. ೧೯೮೪ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಡೇವ್ ೭೪ ಕಿಲೋ ವಿಭಾಗದಲ್ಲಿ, ಮಾರ್ಕ್ ೮೨ ಕಿಲೋ ವಿಭಾಗದಲ್ಲಿ, ಹೀಗೆ ಒಂದೇ ಮನೆಗೆ ಎರಡು ಬಂಗಾರದ ಪದಕಗಳು ಬಂದವು. ಆ ವರ್ಷ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರ ರಾಷ್ಟ್ರಗಳು ಒಲಿಂಪಿಕ್ಸಿಗೆ ಬಂದಿರಲಿಲ್ಲ. ಆದರೂ ಈ ಗೆಲುವು ಸುಲಭದ್ದೆಂದು ಯಾರೂ ಹೇಳುವಂತಿರಲಿಲ್ಲ. ಏಕೆಂದರೆ ೧೯೮೩ರಲ್ಲೇ ಡೇವ್ ವಿಶ್ವವಿಜೇತನಾಗಿದ್ದ, ೧೯೮೫ರಲ್ಲಿ ಮಾರ್ಕ್ ಕೂಡ ಆದ.

ಬಂಗಾರ ಗೆದ್ದವನ ಮನೆ ಹೇಗಿರಬೇಕೆಂದು ನಾವು ಊಹಿಸುತ್ತೇವೋ ಹಾಗೆ ಚಿತ್ರ ಆರಂಭವಾಗುವುದಿಲ್ಲ. ಮಾರ್ಕ್ ತನ್ನ ಪದಕ ಹಿಡಿದು ಒಂದು ಪ್ರಾಥಮಿಕ ಶಾಲೆಯ ಮಕ್ಕಳ ಮುಂದೆ ನಾಲ್ಕು ಮಾತನಾಡುತ್ತಾನೆ. ಅದಕ್ಕೆ ಸಿಕ್ಕುವುದು ಇಪ್ಪತ್ತು ಡಾಲರ್. ಒಂಟಿಯಾಗಿ ಒಂದು ಕೋಣೆಯಲ್ಲಿ ಅಗ್ಗದ ಶಾವಿಗೆ ಬೇಯಿಸಿಕೊಂಡು ತಿನ್ನುತ್ತಾನೆ. ಅಮೇರಿಕ ಶ್ರೀಮಂತ ದೇಶವೇನೋ ನಿಜ. ಆದರೆ ಅಲ್ಲಿ ಒಲಿಂಪಿಕ್ ಕುಸ್ತಿಯಲ್ಲಿ ಹಣವಿರಲಿಲ್ಲ. ಕಾಲೇಜು ಮುಗಿದ ಮೇಲೆ ಯಾವುದಾದರೂ ಕಾಲೇಜಿನಲ್ಲಿ ಸಹಾಯಕ ತರಬೇತುದಾರನ ಕೆಲಸ ಸಿಕ್ಕರೆ ಹೊಟ್ಟೆಪಾಡು ನಡೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಸೋವಿಯತ್ ಪೈಲ್ವಾನರಿಗಾದರೆ ಅವರ ಸರಕಾರವೇ ಅನ್ನ ಹಾಕುತ್ತಿತ್ತು.

ಇಂಥ ಹೊತ್ತಿನಲ್ಲಿ ಜಾನ್ ಡುಪಾಂಟ್ ಎಂಬ ಧನಿಕನಿಂದ ಮಾರ್ಕನಿಗೆ ಕರೆ ಬರುತ್ತದೆ. ೧೮೦೨ರಲ್ಲಿ ಬಂದೂಕಿನ ಮದ್ದಿನ ಕಾರಖಾನೆ ಹಾಕಿ, ಮುಂದೆ ರಾಸಾಯನಿಕ ಉದ್ಯಮದಲ್ಲಿ ಜಗತ್ಪ್ರಸಿದ್ಧವಾದ ಮನೆತನ ಅವನದು. ಪೆನ್ಸಿಲ್ವೇನಿಯಾ ರಾಜ್ಯದ ನ್ಯೂಟೌನ್ ಸ್ಕ್ವೇರ್ ಎಂಬಲ್ಲಿ ಅವನಿಗೆ ನೂರಾರು ಎಕರೆಯ ತೋಟವಿತ್ತು. ತಂದೆಯ ಕುದುರೆ ಲಾಯಕ್ಕಿದ್ದ ‘ಫಾಕ್ಸ್‌ಕ್ಯಾಚರ್’ ಎಂಬ ಹೆಸರನ್ನೇ ತನ್ನ ಕುಸ್ತಿಯ ತಂಡಕ್ಕೂ ಇಟ್ಟಿದ್ದ. ಇರಲು ಮನೆ, ಕೈಗೆ ಸಂಬಳ, ಸಾಮು ಮಾಡಲು ಎಲ್ಲ ಸೌಕರ್ಯವುಳ್ಳ ಸಭಾಗೃಹ! ಹಸಿದ ಪೈಲ್ವಾನನಿಗೆ ಇನ್ನೇನು ಬೇಕು? ಮಾರ್ಕ್ ಹೋದ. ಮುಂದೆ ಡೇವ್ ಕೂಡ ಹೆಂಡತಿ-ಮಕ್ಕಳೊಂದಿಗೆ ಅಲ್ಲಿಗೆ ಹೋಗಿ ನೆಲೆಸಿದ. ೧೯೯೬ರ ಜನೇವರಿ ೨೬ರಂದು ಡುಪಾಂಟ್ ಮೋಟಾರು ನಡೆಸಿಕೊಂಡು ಡೇವನ ಮನೆಯ ಮುಂದೆ ಬಂದು, ತನ್ನ ಕಾರಿನ ರೇಡಿಯೋ ರಿಪೇರಿ ಮಾಡುತ್ತಿದ್ದ ಡೇವನನ್ನು ಮೂರು ಗುಂಡು ಹಾರಿಸಿ ಕೊಂದ. ಹೆಂಡತಿ ಕಣ್ಣಾರೆ ಕಂಡಳು. ಡೇವನಿಗೆ ಆಗ ೩೬ ವರ್ಷ. ಆ ವರ್ಷದ ಅಟ್ಲಾಂಟಾ ಒಲಿಂಪಿಕ್ಸಿಗಾಗಿ ಅವನು ತಯಾರಿ ನಡೆಸಿದ್ದ. ಡುಪಾಂಟ್ ಎರಡು ದಿನ ತನ್ನ ಬಂಗಲೆಯಲ್ಲಿ ಅಡಗಿ ಕುಳಿತ. ಪೋಲೀಸರು ಮನೆ ಕಾಯಿಸುವ ಯಂತ್ರವನ್ನು ನಿಲ್ಲಿಸಿದಾಗ ಅದನ್ನು ಸರಿಪಡಿಸಲು ಹೊರಗೆ ಬಂದು ಸಿಕ್ಕಿಬಿದ್ದ. ೧೯೯೭ರಲ್ಲಿ ನ್ಯಾಯಾಲಯ ಅವನನ್ನು ಮಾನಸಿಕ ರೋಗಿಯಾದ ಅಪರಾಧಿಯೆಂದು ತೀರ್ಮಾನಿಸಿ ಶಿಕ್ಷೆ ವಿಧಿಸಿತು. ೨೦೧೦ರ ಡಿಸೆಂಬರಿನಲ್ಲಿ ಸೆರೆಮನೆಯಲ್ಲಿಯೇ ತೀರಿಕೊಂಡ.

ಇದನ್ನು ಬೆನೆಟ್ ಮಿಲ್ಲರ್ ಎಂಬ ನಿರ್ದೇಶಕರು ಚಿತ್ರವನ್ನಾಗಿ ಮಾಡಿ, ೨೦೧೪ರ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದರು. ಜನರನ್ನು ನಗಿಸುವುದರಲ್ಲಿ ಹೆಸರಾದ ಸ್ಟೀವ್ ಕರೆಲ್ ಎಂಬ ನಟ ಇದರಲ್ಲಿ ಡುಪಾಂಟ್ ಆಗಿದ್ದಾರೆ. ಅಂಟಿಸಿಕೊಂಡ ಉದ್ದನೆಯ ಮೂಗು, ತಡೆತಡೆದು ಬರುವ ಮಾತು. ಒಮ್ಮೆಯೂ ನಗು ಬರುವುದಿಲ್ಲ.

ಚಿತ್ರ ಮುಗಿದ ಮೇಲೆ ಮೊದಲು ಬಾಯಿ ಬಿಟ್ಟವರು ಹುಡುಗರು. “ಸರ್, ಇದರಾಗ ಕುಸ್ತೀನ ಕಡಿಮಿ ಐತ್ರಿ. ಮಂದಿ ಸುಮ್ಮ ಒಬ್ಬರ ಮಾರಿ ಒಬ್ಬರು ನೋಡಕೋಂತ ಕೂಡ್ತಾರ” ಎಂದ ಒಬ್ಬ. ಇನ್ನೊಬ್ಬನಿಗೆ ಸಿಟ್ಟು ಬಂದಿತ್ತು: “ಚಲೋ ಮನಶಾನ್ನ ಕೊಂದ ಮುಗಿಸಿದ್ರಲ್ರಿ! ಇಂಥಾದ್ದು ಯಾಕ ತೋರಸ್ತಾರ?” ಚಿತ್ರ ಬಹಳ ನಿಧಾನ, ಬಹಳ ತಣ್ಣಗೆ ಎಂಬ ದೂರು ನಮ್ಮ ಹುಡುಗರದಷ್ಟೇ ಅಲ್ಲ, ಅದು ಬಂದಾಗ ಅಮೇರಿಕದ ಕೆಲವು ವಿಮರ್ಶಕರೂ ಇದನ್ನೇ ಹೇಳಿದ್ದರು.

ವಸ್ತಾದರು ಹುಡುಗರ ಮಾತಿಗೆ ಉತ್ತರ ಕೊಡಲಿಲ್ಲ. “ಮೊದಲ ಅಣ್ಣ-ತಮ್ಮ ಜೋಡಿ ಹಿಡೀತಾರಲ್ಲ, ಅದನ್ನ ಇನ್ನೊಮ್ಮೆ ಹಚ್ಚರಿ” ಎಂದರು. ಹಚ್ಚಿದೆವು. ಅಣ್ಣ-ತಮ್ಮ ಬೆಳಗಿನ ಹೊತ್ತು ಸಾಮು ಮಾಡುವ ದೃಶ್ಯವದು. ಮೊದಲು ಮೆಲ್ಲಗೆ ಕುತ್ತಿಗೆ-ಭುಜಗಳನ್ನು ಹಿಡಿದು ಸಡಿಲಿಸುತ್ತಾರೆ. ಬರಬರುತ್ತ ತಮ್ಮನ ಹಿಡಿತ ಬಿರುಸಾಗಿ, ಅಣ್ಣನ ಮೂಗಿನಿಂದ ರಕ್ತ ಬರುತ್ತದೆ. ವಸ್ತಾದರು ಕಣ್ಣು ಕಿರಿದು ಮಾಡಿ ನೋಡಿ ಹೇಳಿದರು: “ಒಂದ ಮಾತ ಆಡಲಿಲ್ಲ ನೋಡ್ರಿ. ಮನಿಯಾಗ ಒಬ್ಬನ ಕುಂತ ಉಂಡಿದ್ದು, ಅಣ್ಣನ ಹಿಂದ ಬಿದ್ದಿದ್ದು, ತಮ್ಮನ ಸಂಕಟ ಎಲ್ಲಾ ಕೈಯಾಗ ಬಂತು. ಅಣ್ಣಗ ತಿಳೀತು. ರಗತಾ ಬಂದ್ರೂ ಬೈಲಿಲ್ಲ. ಕುಸ್ತಿ ಕಡಿಮಿ ಇಲ್ಲೋ ಹುಡುಗ್ರಾ, ಇಡೀ ಸಿನಿಮಾ ಕುಸ್ತೀನ ಐತಿ.” ಡೇವನ ಪಾತ್ರದ ಮಾರ್ಕ್ ರಫಲೋ ಹೈಸ್ಕೂಲಿನಲ್ಲಿ ನಿಜವಾಗಿ ಕುಸ್ತಿ ಆಡಿದವರು ಎಂದು ನಾವು ತಿಳಿಸಿದಾಗ ವಸ್ತಾದರು, “ಅದಕ್ಕ ಕಾಲ ಇಡೂದು ಬರೋಬರಿ ಐತಿ” ಎಂದು ತಲೆದೂಗಿದರು.

ಗಣಿತದ ಶಿಕ್ಷಕರ ಕಣ್ಣು ಬೇರೆ ಕಡೆಗಿತ್ತು. ಚಿತ್ರದಲ್ಲಿ ೧೯೮೮ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಮಾರ್ಕ್ ಸೋತು ತೋಟ ಬಿಡುತ್ತಾನೆ; ಅದಾದ ಸ್ವಲ್ಪ ದಿನಕ್ಕೇ ಕೊಲೆಯಾದಂತೆ ತೋರುತ್ತದೆ. ನಿಜವಾಗಿ ನಡುವೆ ಏಳು ವರ್ಷಗಳಿಗೂ ಹೆಚ್ಚು ಕಾಲವಿದೆ. ಅಣ್ಣ-ತಮ್ಮ ಒಟ್ಟಿಗೆ ಆ ತೋಟದಲ್ಲಿ ಇದ್ದಂತೆ ತೋರಿಸಿದ್ದೂ ಕಥೆಗಾಗಿ ಮಾಡಿದ್ದು. ತಮ್ಮ ಬಿಟ್ಟು ಹೋದ ಮೇಲೆಯೇ ಅಣ್ಣ ಅಲ್ಲಿ ನೆಲೆಸಿದ. “ಹಾಗಾದರೆ ನಿಜ ಕಥೆ ಎಂದು ಹೇಳುವುದೇಕೆ?” ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಸ್ವತಃ ಮಾರ್ಕ್ ಶುಲ್ಟ್ಸನಿಗೂ ಈ ಚಿತ್ರ ಸುಲಭವಾಗಿ ಜೀರ್ಣವಾಗಲಿಲ್ಲ. ಮೊದಲು ಚಿತ್ರಕ್ಕೆ ಒತ್ತಾಸೆಯಾಗಿದ್ದ ಆತ, ೨೦೧೪ರ ಡಿಸೆಂಬರ್ ಕೊನೆಯಲ್ಲಿ, ತನಗೂ ಡುಪಾಂಟನಿಗೂ ಇದ್ದ ಸಂಬಂಧವನ್ನು ಇಲ್ಲದ ಅರ್ಥ ಬರುವಂತೆ ತೋರಿಸಲಾಗಿದೆಯೆಂದು ನಿರ್ದೇಶಕರ ಮೇಲೆ ಕಿಡಿಕಾರಿದ. ಬಳಿಕ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ‘ನಿಜ ಕಥೆ’ ಎಂದು ಮೊದಲಿಗೇ ಬರೆದು ತೋರಿಸುವ ಚಿತ್ರದಲ್ಲಿ ಕೂಡ ವರ್ಷಗಳನ್ನು ಮಡಚಿರುತ್ತಾರೆ. ನೋಡಿದ ಮೇಲೆ ಓದಿ ತಿಳಿದುಕೊಳ್ಳುವ ಕೆಲಸ ನಮ್ಮದು.

ಹುಡುಗನ ತಾಯಿ ಬಹಳ ಹೊತ್ತಿನ ಮೇಲೆ ಕೇಳಿದರು: “ಆ ಹೆಣ್ಣಮಗಳು ಎರಡು ಕೂಸು ಕಟಗೊಂಡು ಮುಂದ ಹೆಂಗ ಬಾಳೇವು ಮಾಡಿದಳ್ರಿ?” ಚಿತ್ರ ಅದನ್ನು ಹೇಳುವುದಿಲ್ಲ. ನಾವು ಓದಿ ತಿಳಿದುದನ್ನು ಹೇಳಿದೆವು. ಡೇವನ ಹೆಂಡತಿ ನ್ಯಾನ್ಸಿ, ಗಂಡನ ಹೆಸರಿನಲ್ಲಿ ಒಂದು ಕುಸ್ತಿ ಸಂಘ ಕಟ್ಟಿ, ತೋಟ ಬಿಟ್ಟು ಬಂದ ಪೈಲ್ವಾನರಿಗೆ ಆಸರೆಯಾದಳು. ಅದೇ ವರ್ಷ ಅಟ್ಲಾಂಟಾದಲ್ಲಿ ಆ ಸಂಘದ ಕರ್ಟ್ ಆಂಗಲ್, ಕುತ್ತಿಗೆಗೆ ದೊಡ್ಡ ಪೆಟ್ಟಾಗಿದ್ದರೂ, ೧೦೦ ಕಿಲೋ ವಿಭಾಗದಲ್ಲಿ ಬಂಗಾರ ಗೆದ್ದ. “ಅದನ್ನ ಸಿನಿಮಾದಾಗ ಹಾಕಬೇಕಾಗಿತ್ತಲ್ರಿ” ಎಂದರು ಆ ತಾಯಿ. ನಮ್ಮಲ್ಲಿ ಯಾರೂ ಅದಕ್ಕೆ ಎದುರು ಹೇಳಲಿಲ್ಲ.

ತಂದೆ ಮಾತ್ರ ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದರು. ಕೊನೆಗೆ ಹೇಳಿದರು: “ಅಂವಗ ತಲಿ ಕೆಟ್ಟಿತ್ತು ಅಂತೀರಿ. ನಮ್ಮನ್ನ ಕೇಳಿದ ಸಾವಕಾರರು ಶಾಣ್ಯಾರು, ಧರ್ಮದ ಮನಶಾರು. ಹಂಗ ಮಾಡೂ ಮಂದಿ ಅಲ್ರಿ ಅವರು.”

ಅವರ ಮಾತು ಸರಿಯಾಗಿತ್ತು. ನೆರವು ಕೊಡುವವರೆಲ್ಲ ಬಂದೂಕು ಹಿಡಿಯುವವರಲ್ಲ. ಮನಸ್ಸಿನ ರೋಗವುಳ್ಳವರೆಲ್ಲ ಕೊಲೆ ಮಾಡುವವರೂ ಅಲ್ಲ. ಅವರಿಗೆ ಬೇಕಾದುದು ವೈದ್ಯರು ಮತ್ತು ನಿಜ ಹೇಳುವ ನಾಲ್ಕು ಜನ. ಆದರೆ ಈ ಚಿತ್ರದಿಂದ ತಿಳಿಯಬೇಕಾದುದು ಕೊನೆಯ ಮೂರು ಗುಂಡುಗಳಲ್ಲಿ ಇಲ್ಲ. ಅದಕ್ಕೆ ಮೊದಲು ನಡೆದುದರಲ್ಲಿ ಇದೆ ಎಂದು ನಮಗೆ ತೋರಿತು. ಆದುದರಿಂದ ಎರಡು ದೃಶ್ಯಗಳನ್ನು ನಾವು ಮತ್ತೆ ಹಚ್ಚಿ ತೋರಿಸಿದೆವು.

ಒಂದರಲ್ಲಿ ಡುಪಾಂಟ್ ತನ್ನ ಬಾಲ್ಯದ ಸಂಗತಿ ಹೇಳುತ್ತಾನೆ. ಅವನಿಗೆ ಇದ್ದವನು ಒಬ್ಬನೇ ಗೆಳೆಯ, ಮೋಟಾರು ಚಾಲಕನ ಮಗ. ದೊಡ್ಡವನಾಗುವಾಗ ತಿಳಿಯಿತು: ಗೆಳೆಯನಾಗಿರುವುದಕ್ಕೆ ಆ ಹುಡುಗನಿಗೆ ತನ್ನ ತಾಯಿಯೇ ಹಣ ಕೊಡುತ್ತಿದ್ದಳು! ಇದನ್ನು ಕೇಳಿದಾಗ ಅವನ ಮೇಲೆ ಮರುಕ ಬರುತ್ತದೆ. ಆದರೆ ಅದೇ ಮನುಷ್ಯ ಮುಂದೆ ಮಾಡಿದ್ದೇನು? ಗೆಳೆತನವನ್ನೂ ಗೌರವವನ್ನೂ ಹಣ ಕೊಟ್ಟೇ ತರಬಹುದೆಂದು ತಿಳಿದ. ತಾನು ಎಂದೂ ಒಳ್ಳೆಯ ಕುಸ್ತಿಪಟುವಾಗಿರಲಿಲ್ಲ. ಆದರೂ ಪೈಲ್ವಾನರು ತನ್ನನ್ನು ತರಬೇತುದಾರ, ಗುರು ಎಂದು ಕರೆಯಬೇಕೆಂದು ಬಯಸಿದ. ಚಿತ್ರದಲ್ಲಿ ತಾಯಿ ಗಾಲಿಕುರ್ಚಿಯಲ್ಲಿ ಬಂದು ನೋಡುವಾಗ ಆತ ಒಲಿಂಪಿಕ್ ಮಟ್ಟದ ಪೈಲ್ವಾನರನ್ನು ಸುತ್ತ ಕೂಡಿಸಿ ಚಿಕ್ಕ ಮಕ್ಕಳಿಗೆ ಹೇಳುವ ಪಾಠ ಹೇಳುತ್ತಾನೆ. ಎಲ್ಲರೂ ಸುಮ್ಮನೆ ಕೇಳುತ್ತಾರೆ. ಸಂಬಳ ಅವನದು.

ಇನ್ನೊಂದು ದೃಶ್ಯ ಡೇವನದು. ಡುಪಾಂಟ್ ತನ್ನ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿಸುತ್ತಿದ್ದಾನೆ. ಕ್ಯಾಮರಾ ಹಿಡಿದವನು ಡೇವನಿಗೆ, ಜಾನ್ ಡುಪಾಂಟ್ ನಿಮ್ಮ ಮಾರ್ಗದರ್ಶಕ ಎಂದು ಹೇಳಿ ಎನ್ನುತ್ತಾನೆ. ಡೇವ್ ಸ್ವಭಾವದಿಂದ ಮೃದು. ಎಲ್ಲರನ್ನೂ ನಗುತ್ತ ಮಾತಾಡಿಸುವವನು. ತಂದೆ-ತಾಯಿ ಬೇರೆಯಾದ ಮೇಲೆ ತಮ್ಮನನ್ನು ತಾನೇ ಸಾಕಿದಂತೆ ಸಾಕಿದವನು. ಆದರೂ ಆ ಒಂದು ಮಾತು ಅವನ ಬಾಯಿಂದ ಹೊರಡುವುದಿಲ್ಲ. ತಡವರಿಸುತ್ತಾನೆ, ನೆಲ ನೋಡುತ್ತಾನೆ. ಹೆಂಡತಿ-ಮಕ್ಕಳು ಆ ತೋಟದ ಮನೆಯಲ್ಲಿದ್ದಾರೆ, ಹೇಳಲೇಬೇಕು, ಹೇಳಿದರೆ ಸುಳ್ಳು.

ಇಲ್ಲಿ ವಸ್ತಾದರು ಎದ್ದು ನಿಂತರು. “ಗುರು ಅನ್ನೂ ಮಾತು ತಾನಾಗಿ ಬಾಯಾಗ ಬರಬೇಕ್ರಿ. ರೊಕ್ಕಾ ಕೊಟ್ಟು ಹೇಳಸಿದ್ರ ಅದು ಗಂಟಲಾಗ ಸಿಕ್ಕೊಂತದ” ಎಂದರು. ನಮ್ಮ ತಾಲೀಮಿನಲ್ಲಿ ಢಾಕ, ಘಿಸ್ಸಾ, ಏಕಲಂಗಿ ಎಂದು ಪಟ್ಟುಗಳ ಹೆಸರೆಲ್ಲ ಮರಾಠಿ, ಬೈಗುಳ ಮಾತ್ರ ಅಚ್ಚಗನ್ನಡ. ಮೂವತ್ತು ವರ್ಷ ಹೀಗೆ ಬೈಯುತ್ತ ಕಲಿಸಿದ ಅವರು ಯಾರಿಂದಲೂ ಗುರು ಎಂದು ಹೇಳಿಸಿಕೊಳ್ಳಲು ಹೋದವರಲ್ಲ. ಆದರೆ ಹುಡುಗರು ಅಖಾಡದ ಮಣ್ಣು ಮುಟ್ಟಿದೊಡನೆ ಅವರ ಕಾಲು ಮುಟ್ಟುತ್ತಾರೆ.

ಹಾಗೆಂದು ಆಶ್ರಯವಿಲ್ಲದೆ ಕುಸ್ತಿ ಬೆಳೆಯಲಾರದು. ನಮ್ಮ ಪಕ್ಕದ ಕೊಲ್ಲಾಪುರದ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ ೧೯೧೨ರಿಂದ ಇಂದಿನವರೆಗೂ ನಿಂತಿದೆ. ಕರಾಡದ ಹತ್ತಿರದ ಗೋಳೇಶ್ವರ ಗ್ರಾಮದ ಖಾಶಾಬಾ ಜಾಧವರು ೧೯೫೨ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಬೇಕಾದಾಗ ಕೈಯಲ್ಲಿ ಹಣವಿರಲಿಲ್ಲ. ಊರವರು ವಂತಿಗೆ ಕೂಡಿಸಿದರು. ಅವರು ಕಲಿತ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು ೭೦೦೦ ರೂಪಾಯಿ ತಂದುಕೊಟ್ಟರು. ಖಾಶಾಬಾ ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ತಿರುಗಿ ಬಂದವರು ಕುಸ್ತಿ ಆಡಿ ಇನಾಮು ಗೆದ್ದು, ಆ ಹಣದಿಂದ ಗುರುಗಳ ಮನೆಯನ್ನು ಬಿಡಿಸಿಕೊಟ್ಟರೆಂದು ಇಂದಿಗೂ ಆ ಭಾಗದಲ್ಲಿ ಹೇಳುತ್ತಾರೆ.

ಡುಪಾಂಟನಿಗೆ ಏಳು ಸಾವಿರವೆಂದರೆ ಏನೂ ಅಲ್ಲ. ಆ ಪ್ರಾಚಾರ್ಯರಿಗೆ ಅದು ತಲೆಯ ಮೇಲಿನ ಸೂರು. ಆದರೆ ಖಾಶಾಬಾ ತಮ್ಮ ಮನೆಯಲ್ಲಿಯೇ ಇರಬೇಕು, ತಮ್ಮ ಹೆಸರಿನ ಅಂಗಿ ತೊಡಬೇಕು ಎಂದು ಖರ್ಡೇಕರರು ಕೇಳಲಿಲ್ಲ. ಶಿಷ್ಯ ಹೆಲ್ಸಿಂಕಿಗೆ ಹೋಗಬೇಕಾಗಿತ್ತು, ಕಳಿಸಿದರು. ಎರಡೂ ಹಣವೇ. ಒಂದು ಹಣ ಪೈಲ್ವಾನನನ್ನು ದೂರದ ಮೈದಾನಕ್ಕೆ ಕಳಿಸಿತು; ಇನ್ನೊಂದು ಅವನನ್ನು ತನ್ನ ಬೇಲಿಯೊಳಗೆ ಇಟ್ಟುಕೊಂಡಿತು. ಆ ಬೇಲಿಯೊಳಗೆ ಡುಪಾಂಟನ ನಡತೆ ವಿಪರೀತವಾಗುತ್ತ ಹೋದುದನ್ನು, ಒಮ್ಮೆ ಪೈಲ್ವಾನನೊಬ್ಬನತ್ತ ಬಂದೂಕು ತಿರುಗಿಸಿದ್ದನ್ನು, ಅಲ್ಲಿದ್ದವರು ಬಲ್ಲರು. ಬಲ್ಲವರಲ್ಲಿ ಬಹಳ ಜನ ಅಲ್ಲಿಯೇ ಉಳಿದರು. ಅವರನ್ನು ನಾವು ಹೀಗಳೆಯಲಾರೆವು. ಒಲಿಂಪಿಕ್ಸ್ ಹತ್ತಿರವಿತ್ತು, ಹೊರಗೆ ಬಂದರೆ ಅನ್ನವಿರಲಿಲ್ಲ. ಅನ್ನ, ಮನೆ, ಅಖಾಡ, ಹೆಸರು ಇವೆಲ್ಲ ಒಬ್ಬನ ಕೈಯಲ್ಲೇ ಇದ್ದರೆ, ‘ಇದು ಸರಿಯಲ್ಲ’ ಎಂದು ಅವನಿಗೆ ಹೇಳುವ ಬಾಯಿ ಯಾರಿಗೂ ಉಳಿಯುವುದಿಲ್ಲ. ಅದು ಹೇಳಿಸಿಕೊಳ್ಳದವನಿಗೂ ಕೇಡು.

ತಂದೆ ಇದನ್ನೆಲ್ಲ ಕೇಳಿ, “ಹಾಲಂತೂ ಬೇಕ್ರಿ ಗುರುಗಳ. ನಾವು ಎಲ್ಲಿಂದ ತರೂನು?” ಎಂದರು. ಈ ಪ್ರಶ್ನೆಗೆ ಸಿನಿಮಾದಲ್ಲಿ ಉತ್ತರವಿಲ್ಲ. ನಮ್ಮಲ್ಲಿಯೂ ಪೂರ್ತಿ ಉತ್ತರವಿರಲಿಲ್ಲ. ಎರಡು ದಿನದ ಮೇಲೆ ಅವರು, ವಸ್ತಾದರು, ನಮ್ಮಲ್ಲೊಬ್ಬರು ಕೂಡಿ ಆ ಅನುಕೂಲಸ್ಥರಲ್ಲಿಗೆ ಹೋದರು. ತಂದೆಯೇ ಮಾತಾಡಿದರು. “ನಿಮ್ಮ ಉಪಕಾರ ಮರೆಯಂಗಿಲ್ರಿ. ಹಾಲಿನ ರೊಕ್ಕಾ ತಾಲೀಮಿಗೆ ಕೊಡ್ರಿ. ಹುಡುಗ ಆಯಿ ಕಡೆ ಇರ್ತಾನ, ಮಾರ್ಚದಾಗ ಹತ್ತನೇತ್ತಾ ಪರೀಕ್ಷಾ ಬರೀತಾನ. ಮೈದಾನದಾಗ ನಿಮ್ಮ ಹೆಸರೂ ಕೂಗಸ್ತೀವಿ, ವಸ್ತಾದರ ಹೆಸರೂ ಕೂಗಸ್ತೀವಿ” ಎಂದರು. ಅವರು ಚಹಾ ಕೊಟ್ಟರು, ಮರ್ಯಾದೆಯಿಂದ ಮಾತಾಡಿದರು, ವಿಚಾರ ಮಾಡಿ ತಿಳಿಸುವುದಾಗಿ ಹೇಳಿದರು. ಈ ಸಂಚಿಕೆ ಅಚ್ಚಿಗೆ ಹೋಗುವವರೆಗೆ ಅವರಿಂದ ಏನೂ ತಿಳಿದುಬಂದಿಲ್ಲ. ತಂದೆ-ತಾಯಿ ಕಬ್ಬಿಗೆ ಹೋದರು. ಹುಡುಗ ನಸುಕಿನಲ್ಲಿ ತಾಲೀಮಿಗೆ ಹೋಗಿ, ಹತ್ತೂವರೆಗೆ ಶಾಲೆಗೆ ಬರುತ್ತಾನೆ. ದಿನಕ್ಕೆ ಒಂದು ಲೀಟರ್ ಹಾಲನ್ನು ತಾಲೀಮಿನವರು ಹೊಂದಿಸಿದ್ದಾರೆ. ಅವನಿಗೆ ಎರಡು ಬೇಕು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಿಗೆ ಕುಸ್ತಿ, ಕೆಲವರಿಗೆ ಹಾಡು, ಕೆಲವರಿಗೆ ಓದು ಒಲಿದಿದೆ. ನಮ್ಮಂಥ ಬಡ ಸೀಮೆಯಲ್ಲಿ ಯಾರಾದರೊಬ್ಬರು ಕೈ ಹಿಡಿಯದೆ ಮುಂದೆ ಹೋಗುವುದು ಕಷ್ಟ. ಕೈ ಹಿಡಿದವರಿಗೆ ಕೃತಜ್ಞರಾಗಿರಿ, ಅದರಲ್ಲಿ ನಾಚಿಕೆಯಿಲ್ಲ. ಆದರೆ ಒಪ್ಪುವ ಮೊದಲು, ಬೇಡವೆನಿಸಿದ ದಿನ ಕೈ ಬಿಡಿಸಿಕೊಂಡು ಮನೆಗೆ ಬರಲಾದೀತೇ ಎಂದು ನೋಡಿಕೊಳ್ಳಿರಿ. ಪಾಲಕರೇ, ಆ ಬಾಗಿಲು ತೆರೆದಿರುವಂತೆ ಕಾಯುವುದು ನಿಮ್ಮ ಕೆಲಸ, ಶಿಕ್ಷಕರಾದ ನಮ್ಮ ಕೆಲಸ. ಊರಿನ ಅನುಕೂಲಸ್ಥರಲ್ಲಿಯೂ ಒಂದು ವಿನಂತಿ: ನಮ್ಮ ತಾಲೀಮಿನಲ್ಲಿ ಈಗ ಹನ್ನೊಂದು ಮಂದಿ ಹುಡುಗರಿದ್ದಾರೆ. ಹಾಲು ಕಳಿಸುವ ಮನಸ್ಸುಳ್ಳವರು ಬೆಳಗಿನ ಆರು ಗಂಟೆಯೊಳಗೆ ಕಳಿಸಿದರೆ ಬಿಸಿಯಾಗಿಯೇ ಕುಡಿಸಬಹುದೆಂದು ವಸ್ತಾದರು ತಿಳಿಸಿದ್ದಾರೆ.